ಒಳಗೆ ಯಾರೂ ಇಲ್ಲ ತಾನೆ? ಡೈಕ್‌ಸ್ಟ್ರಾ ಬದುಕಿನ ಕಥೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ವರು ಮುಳ್ಳೂರಿಗೆ ಹೋಗಿದ್ದೆವು. ಕೊಳ್ಳೇಗಾಲ ತಾಲ್ಲೂಕಿನ ಈ ಊರು ಕಾವೇರಿ ದಡದಲ್ಲಿದೆ. ನಮ್ಮ ಪ್ರಾಜೆಕ್ಟ್ ಟೀಮಿನ ಒಬ್ಬನ ಮನೆ ಅಲ್ಲೇ. ಕೆಆರ್‌ಎಸ್‌ನಿಂದಲೂ ಕಬಿನಿಯಿಂದಲೂ ಒಟ್ಟಿಗೆ ಹೆಚ್ಚು ನೀರು ಬಿಟ್ಟರೆ ಮುಳ್ಳೂರು, ದಾಸನಪುರ, ಹರಳೆ ಕಡೆ ಹೊಳೆ ಊರ ಹತ್ತಿರಕ್ಕೇ ಬಂದುಬಿಡುತ್ತೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಹಾಗೇ ಆಗಿತ್ತು. ಅದಕ್ಕೇ ನಮ್ಮ ಪ್ರಾಜೆಕ್ಟ್: ಒಂದು ರಾಸ್ಪ್‌ಬೆರಿ ಪೈ, ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಹೊಳೆ ಎಷ್ಟು ಏರಿದೆ ಅಂತ ನಿಮಿಷಕ್ಕೊಮ್ಮೆ ಬರೆದಿಡುವ ಒಂದು ಪ್ರೋಗ್ರಾಂ. ಸೆನ್ಸರಿಗೆ ಡಿವೈಸ್ ಡ್ರೈವರ್ ನಾವೇ ಬರೆದಿದ್ದೆವು, ಲಿನಕ್ಸ್ ಕರ್ನಲ್ ಮಾಡ್ಯೂಲ್ ಆಗಿ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಮೂರನೇ ದಿನ ಬೆಳಿಗ್ಗೆ ಡ್ರೈವರಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ, ಹಳೆಯದನ್ನು ತೆಗೆದು ಹೊಸದನ್ನು ಹಾಕೋಣ ಅಂತ ಆರ್‌ಎಂಮಾಡ್ ಕಮಾಂಡ್ ಕೊಟ್ಟೆವು. ಸಾಮಾನ್ಯವಾಗಿ ಯಾರಾದರೂ ಬಳಸುತ್ತಿದ್ದರೆ ಮಾಡ್ಯೂಲ್ ಬಳಕೆಯಲ್ಲಿದೆ ಅಂತ ಕರ್ನಲ್ ಬೈದು ವಾಪಸ್ ಕಳಿಸುತ್ತೆ. ನಮಗೆ ಬೈಯಲಿಲ್ಲ. ಮಾಡ್ಯೂಲ್ ಸದ್ದಿಲ್ಲದೆ ಹೋಯಿತು. ಅಳತೆ ಬರೆಯುವ ಪ್ರೋಗ್ರಾಂ ಆಗ ಡ್ರೈವರಿನ ಒಳಗೇ, ರೀಡ್ ಫಂಕ್ಷನ್ನಿನಲ್ಲೇ ನಿದ್ದೆಯಲ್ಲಿತ್ತು. ಅದು ಎದ್ದು ನೋಡುವಷ್ಟರಲ್ಲಿ ಅದು ಮಲಗಿದ್ದ ಮನೆಯೇ ಇರಲಿಲ್ಲ. ಪೈ ಪೂರ್ತಿ ನಿಂತುಹೋಯಿತು, ರಾತ್ರಿಯ ಅಳತೆಗಳಲ್ಲಿ ಡಿಸ್ಕಿಗೆ ಹೋಗದೆ ಉಳಿದಿದ್ದೆಲ್ಲ ಹಾಳಾಯಿತು. ಮಳೆಗಾಲದ ಒಂದು ರಾತ್ರಿ ಹೀಗಾಗಿದ್ದರೆ ಅಂತ ಯೋಚಿಸಿ ನಮಗೆ ಕಾಫಿ ಇಳಿಯಲಿಲ್ಲ.

ತಪ್ಪು ನಮ್ಮದೇ. ಡ್ರೈವರಿನ ಫೈಲ್ ಆಪರೇಷನ್ಸ್ ಪಟ್ಟಿಯಲ್ಲಿ ಓನರ್ ಅನ್ನುವ ಒಂದು ಸಾಲು ತುಂಬಿಸಬೇಕು: ಈ ಫಂಕ್ಷನ್‌ಗಳ ಒಡೆಯ ಈ ಮಾಡ್ಯೂಲ್ ಅಂತ. ಅದನ್ನು ನೋಡಿಕೊಂಡು ಕರ್ನಲ್ ಯಾರಾದರೂ ಓಪನ್ ಮಾಡಿದಾಗ ಲೆಕ್ಕಕ್ಕೆ ಒಂದು ಸೇರಿಸುತ್ತೆ, ಕ್ಲೋಸ್ ಮಾಡಿದಾಗ ಒಂದು ಕಳೆಯುತ್ತೆ. ನಾವು ಆ ಸಾಲು ಬಿಟ್ಟಿದ್ದೆವು. ಒಳಗೆ ಒಬ್ಬ ಇದ್ದ, ಲೆಕ್ಕ ಮಾತ್ರ ಸೊನ್ನೆ.

ಗೆಳೆಯನ ಚಿಕ್ಕಪ್ಪ ಲೈನ್‌ಮನ್. ಜಗಲಿ ಮೇಲೆ ಕೂತು ನಮ್ಮ ಗೋಳನ್ನೆಲ್ಲ ಕೇಳಿಸಿಕೊಂಡು, ಹಾಗಾದ್ರೆ ನೀವು ಎಲ್‌ಸಿ ವಾಪಸ್ ಬರೋಕೆ ಮುಂಚೇನೇ ಲೈನ್ ಚಾರ್ಜ್ ಮಾಡಿದ್ರಿ ಅನ್ನಿ ಅಂದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಪಡೆಯಬೇಕು, ಇಳಿದ ಮೇಲೆ ಹಿಂದಿರುಗಿಸಬೇಕು. ಒಂದೇ ಫೀಡರಿನಲ್ಲಿ ಇಬ್ಬರು ಎರಡು ಕಡೆ ಕೆಲಸ ಮಾಡುತ್ತಿದ್ದರೆ ಎರಡು ಎಲ್‌ಸಿ. ಎರಡೂ ವಾಪಸ್ ಬರುವ ತನಕ ಆಪರೇಟರ್ ಸ್ವಿಚ್ ಮುಟ್ಟೋ ಹಾಗಿಲ್ಲ. ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದನ್ನ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆ ರಾತ್ರಿಯೇ ಈ ಸಂಚಿಕೆಗೆ ಯಾರ ಬದುಕಿನ ಬಗ್ಗೆ ಬರೆಯಬೇಕು ಅಂತ ನಮ್ಮಲ್ಲಿ ತೀರ್ಮಾನ ಆಗಿದ್ದು. ಎಡ್ಸ್‌ಖರ್ ಡೈಕ್‌ಸ್ಟ್ರಾ. ಹೌದು, ಶಾರ್ಟೆಸ್ಟ್ ಪಾತ್‌ನ ಅದೇ ಡೈಕ್‌ಸ್ಟ್ರಾ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಟೇಬಲ್ ಹಾಕಿ ಬಿಡಿಸುತ್ತೀವಲ್ಲ, ಅವರೇ. ಆದರೆ ಅವರ ಬದುಕಿನ ದೊಡ್ಡ ಪಾಲು ಬೇರೆಯೇ ಒಂದು ಪ್ರಶ್ನೆಯ ಸುತ್ತ ಕಳೆಯಿತು. ಇನ್ನೊಬ್ಬರು ಕೆಲಸ ಮಾಡುತ್ತಿರುವಾಗಲೇ ಅವರಿಗೆ ತೊಂದರೆಯಾಗದಂತೆ ನಾವು ನಮ್ಮ ಕೆಲಸ ಮಾಡೋದು ಹೇಗೆ? ಎಲ್ಲರೂ ಮುಗಿಸಿದ್ದಾರೆ ಅಂತ ಖಚಿತವಾಗಿ ತಿಳಿಯೋದು ಹೇಗೆ? ನಮ್ಮ ಪೈ ನಿಂತಿದ್ದು ಇದೇ ಪ್ರಶ್ನೆಯಲ್ಲಿ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಅಪ್ಪ ರಸಾಯನಶಾಸ್ತ್ರಜ್ಞ, ಹೈಸ್ಕೂಲಿನಲ್ಲಿ ಮೇಷ್ಟ್ರು. ಅಮ್ಮ ಗಣಿತದಲ್ಲಿ ಬಹಳ ಚುರುಕು, ಆದರೆ ಎಲ್ಲೂ ನೌಕರಿ ಮಾಡಿದವರಲ್ಲ. ಉತ್ತರ ಉದ್ದವಾಗುತ್ತಾ ಹೋದರೆ ದಾರಿ ತಪ್ಪಿದ್ದೀನಿ ಅಂತ ತಿಳಿಯಬೇಕು ಅನ್ನುವ ಅಭ್ಯಾಸ ಮಗನಿಗೆ ಬಂದದ್ದು ಅಮ್ಮನಿಂದ. ಹುಡುಗನಿಗೆ ಲಾ ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸುವ ಆಸೆ ಇತ್ತಂತೆ. ವಿಜ್ಞಾನದಲ್ಲಿ ಅಂಕ ಜಾಸ್ತಿ ಬಂದದ್ದರಿಂದ 1948ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಗಣಿತ, ಭೌತಶಾಸ್ತ್ರ ಓದಲು ಹೋದರು. ಅಂಕ ನೋಡಿ ಕೋರ್ಸ್ ಆರಿಸಿಕೊಳ್ಳೋದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆವು.

1951ರಲ್ಲಿ ಅಪ್ಪ ಒಂದು ಜಾಹೀರಾತು ನೋಡಿದರು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮಾರಿಸ್ ವಿಲ್ಕ್ಸ್ ನಡೆಸುವ ಮೂರು ವಾರದ ಪ್ರೋಗ್ರಾಮಿಂಗ್ ಕೋರ್ಸ್, ಎಡ್ಸಾಕ್ ಅನ್ನುವ ಯಂತ್ರದ ಮೇಲೆ. ಮಗ ಹೋಗಿ ಕಲಿತು ಬಂದ. ಮರುವರ್ಷ ಮಾರ್ಚ್‌ನಲ್ಲಿ ಆಮ್ಸ್ಟರ್‌ಡ್ಯಾಮ್‌ನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಆಡ್ರಿಯಾನ್ ಫಾನ್ ವೈನ್‌ಗಾರ್ಡನ್ ಕೈಕೆಳಗೆ ಅರೆಕಾಲಿಕ ಕೆಲಸ ಸಿಕ್ಕಿತು. ಆ ದೇಶದಲ್ಲಿ ಪ್ರೋಗ್ರಾಮರ್ ಅಂತ ನೇಮಕವಾದ ಮೊದಲಿಗರು ಅವರೇ.

ಮೂರು ವರ್ಷವಾದ ಮೇಲೆ ದ್ವಂದ್ವ ಶುರುವಾಯಿತು. ಭೌತಶಾಸ್ತ್ರಕ್ಕೆ ಮರ್ಯಾದೆ ಇದೆ, ಪ್ರೋಗ್ರಾಮಿಂಗ್ ಅನ್ನೋದು ಒಂದು ವಿದ್ಯೆಯೇ ಅಲ್ಲ, ಅದನ್ನು ಹಿಡಿದುಕೊಂಡು ಬದುಕೋದು ಹೇಗೆ ಅಂತ ಬಾಸ್ ಹತ್ತಿರ ಹೋಗಿ ಹೇಳಿಕೊಂಡರು. ಫಾನ್ ವೈನ್‌ಗಾರ್ಡನ್ ಸಮಾಧಾನವಾಗಿ ಕೇಳಿಸಿಕೊಂಡು, ಅದು ಇನ್ನೂ ವಿದ್ಯೆಯಾಗಿಲ್ಲ ಅನ್ನೋದು ಸರಿ, ಆದರೆ ಕಂಪ್ಯೂಟರ್ ಇನ್ನು ಹೋಗೋದಿಲ್ಲ, ಅದನ್ನು ಮರ್ಯಾದೆಯ ವಿದ್ಯೆ ಮಾಡುವವನು ನೀನೇ ಯಾಕಾಗಬಾರದು ಅಂದರು. ಆ ಕೋಣೆಯಿಂದ ಹೊರಬಂದಾಗ ತಾನು ಬೇರೆ ಮನುಷ್ಯನಾಗಿದ್ದೆ ಅಂತ ಡೈಕ್‌ಸ್ಟ್ರಾ ಮುಂದೆ ನೆನೆಸಿಕೊಂಡಿದ್ದಾರೆ. 1957ರಲ್ಲಿ ರಿಯಾ ಡೆಬೆಟ್ಸ್ ಅವರನ್ನು ಮದುವೆಯಾಗುವಾಗ ಅರ್ಜಿಯಲ್ಲಿ ವೃತ್ತಿ ಪ್ರೋಗ್ರಾಮರ್ ಅಂತ ಬರೆದರೆ, ಅಂಥ ವೃತ್ತಿಯೇ ಇಲ್ಲ ಅಂತ ಆಮ್ಸ್ಟರ್‌ಡ್ಯಾಮ್‌ನ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಅಂತ ಬರೆಯಬೇಕಾಯಿತು.

ಶಾರ್ಟೆಸ್ಟ್ ಪಾತ್ ಕಥೆ ನಿಮಗೆ ಗೊತ್ತಿರಬಹುದು, ಬೇಗ ಹೇಳಿ ಮುಗಿಸ್ತೀವಿ. 1956ರಲ್ಲಿ ಆರ್ಮಾಕ್ ಅನ್ನುವ ಹೊಸ ಯಂತ್ರವನ್ನು ಸಾರ್ವಜನಿಕರಿಗೆ ತೋರಿಸಬೇಕಿತ್ತು. ಗಣಿತ ಗೊತ್ತಿಲ್ಲದವರಿಗೂ ಅರ್ಥವಾಗುವ ಒಂದು ಲೆಕ್ಕ ಬೇಕಿತ್ತು. ರಿಯಾ ಜೊತೆ ಶಾಪಿಂಗ್ ಮಾಡಿ ಸುಸ್ತಾಗಿ ಕೆಫೆಯೊಂದರ ಹೊರಗೆ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ಆ ಅಲ್ಗಾರಿದಂ. ಪ್ರದರ್ಶನಕ್ಕೆ ಬಳಸಿದ್ದು 64 ಊರುಗಳ ನಕ್ಷೆ. ಮೂರು ಪುಟದ ಲೇಖನವಾಗಿ ಅಚ್ಚಾಗಿದ್ದು 1959ರಲ್ಲಿ. (ಅದೇ 1956ರ ನವೆಂಬರ್‌ನಲ್ಲಿ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮುಳ್ಳೂರಿನ ಗೆಳೆಯ ಇದನ್ನೂ ಸೇರಿಸಲೇಬೇಕು ಅಂದ, ಸೇರಿಸಿದ್ದೀವಿ.)

ನಮಗೆ ಮುಖ್ಯವಾದದ್ದು ಅದರ ನಂತರದ ಯಂತ್ರ, ಎಕ್ಸ್1. 1957ರ ಆರಂಭದ ಹೊತ್ತಿಗೆ ಅದರ ವಿನ್ಯಾಸಕಾರರಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಡೈಕ್‌ಸ್ಟ್ರಾ ಬಳಿ ಒಂದು ಹೊಸ ಯೋಚನೆ ತಂದರು. ಆಗಿನ ಯಂತ್ರಗಳಲ್ಲಿ ಟೈಪ್‌ರೈಟರ್ ಒಂದು ಅಕ್ಷರ ಹೊಡೆಯುವವರೆಗೆ ಇಡೀ ಕಂಪ್ಯೂಟರ್ ಕಾಯುತ್ತಾ ಕೂರಬೇಕಿತ್ತು. ಅದರ ಬದಲು ಸಾಧನ ತನ್ನ ಪಾಡಿಗೆ ಕೆಲಸ ಮಾಡಲಿ, ಮುಗಿದಾಗ ಕಂಪ್ಯೂಟರಿನ ಭುಜ ತಟ್ಟಲಿ. ಕಂಪ್ಯೂಟರ್ ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಅದನ್ನು ವಿಚಾರಿಸಿಕೊಂಡು ವಾಪಸ್ ಬರಲಿ. ಅದೇ ಇಂಟರಪ್ಟ್.

ಕೇಳಿ ಖುಷಿಪಡುವ ಬದಲು ಡೈಕ್‌ಸ್ಟ್ರಾ ಹೆದರಿದರು. ಯಾಕೆ ಅಂತ ಯೋಚಿಸಿ. ಅಲ್ಲಿವರೆಗೆ ಒಂದೇ ಇನ್‌ಪುಟ್ ಕೊಟ್ಟರೆ ಪ್ರೋಗ್ರಾಂ ಪ್ರತಿ ಸಲ ಒಂದೇ ಥರ ನಡೆಯುತ್ತಿತ್ತು. ತಪ್ಪಿದ್ದರೆ ಮತ್ತೆ ಓಡಿಸಿ ಹುಡುಕಬಹುದಿತ್ತು. ಇನ್ನು ಮುಂದೆ ಯಾವ ಎರಡು ಸೂಚನೆಗಳ ನಡುವೆ ಬೇಕಾದರೂ ಹೊರಗಿನವನೊಬ್ಬ ನುಗ್ಗಬಹುದು. ಸಾವಿರ ಸಲ ಸರಿಯಾಗಿ ನಡೆದು ಸಾವಿರದ ಒಂದನೇ ಸಲ ಬೀಳುತ್ತೆ, ಮತ್ತೆ ಓಡಿಸಿದರೆ ಬೀಳೋದಿಲ್ಲ. ತಪ್ಪು ಯಂತ್ರದ್ದೋ ತನ್ನ ಪ್ರೋಗ್ರಾಮಿನದ್ದೋ ಅಂತ ಯಾರಿಗೆ ಹೇಗೆ ತೋರಿಸೋದು? ಮೂರು ತಿಂಗಳಷ್ಟು ಕಾಲ ಅವರು ಬೇಡ ಬೇಡ ಅಂತಲೇ ಇದ್ದರಂತೆ. ಕೊನೆಗೆ ಇಬ್ಬರೂ ಹೊಗಳಿ ಹೊಗಳಿ ಒಪ್ಪಿಸಿದರು. ಒಪ್ಪಿಕೊಂಡ ಮೇಲೆ ಆ ಹೆದರಿಕೆಯನ್ನು ಇಟ್ಟುಕೊಂಡೇ ಕೆಲಸಕ್ಕೆ ಕೂತರು. ಟೆಸ್ಟ್ ಮಾಡಿ ನೋಡೋಣ ಅನ್ನೋದಕ್ಕೆ ಯಂತ್ರವೇ ಇನ್ನೂ ತಯಾರಾಗಿರಲಿಲ್ಲ. ಕಾಗದದ ಮೇಲೇ ಇದು ಯಾವತ್ತೂ ತಪ್ಪುವುದಿಲ್ಲ ಅಂತ ತೋರಿಸಿಕೊಳ್ಳಬೇಕಿತ್ತು. ಎಕ್ಸ್1ರ ಆ ತಂತ್ರಾಂಶವೇ ಅವರ 1959ರ ಪಿಎಚ್‌ಡಿ ಪ್ರಬಂಧದ ವಿಷಯ. ಹಾಗೆ ನೋಡಿದರೆ ಡಿವೈಸ್ ಡ್ರೈವರ್ ಬರೆದು ಡಾಕ್ಟರೇಟ್ ಪಡೆದವರು ಅವರು.

ನಾವೆಲ್ಲ ಡ್ರೈವರ್ ಬರೆಯುವಾಗ ಎರಡು ಸಲ ಲೋಡ್ ಮಾಡಿ, ಎರಡು ಸಲ ತೆಗೆದು, ಓಕೆ ಅಂತ ಕೈ ತೊಳೆದುಕೊಳ್ಳುತ್ತೀವಿ. ಮುಳ್ಳೂರಿಗೆ ಹೋಗುವ ಮುಂಚೆ ಲ್ಯಾಬಿನಲ್ಲಿ ನಮ್ಮ ಡ್ರೈವರನ್ನೂ ಹತ್ತಾರು ಸಲ ತೆಗೆದು ಹಾಕಿದ್ದೆವು. ಏನೂ ಆಗಿರಲಿಲ್ಲ, ಯಾಕಂದ್ರೆ ಆಗ ಯಾರೂ ಅದನ್ನು ಓದುತ್ತಿರಲಿಲ್ಲ.

1960ರಲ್ಲಿ ಯಾಪ್ ಜೋನೆವೆಲ್ಡ್ ಜೊತೆ ಸೇರಿ ಎಕ್ಸ್1ಕ್ಕೆ ಆಲ್ಗಾಲ್ 60 ಭಾಷೆಯ ಕಂಪೈಲರ್ ಬರೆದರು. ಮುಗಿಯುವ ತನಕ ಗಡ್ಡ ತೆಗೆಯೋದಿಲ್ಲ ಅಂತ ಇಬ್ಬರ ಪಣ. ಆಗಸ್ಟ್‌ನಲ್ಲಿ ಕಂಪೈಲರ್ ಮುಗಿಯಿತು, ಜೋನೆವೆಲ್ಡ್ ಬೋಳಿಸಿಕೊಂಡರು, ಡೈಕ್‌ಸ್ಟ್ರಾ ಗಡ್ಡ ಇಟ್ಟುಕೊಂಡರು. ಫೋಟೋಗಳಲ್ಲಿ ಕಾಣುವ ಗಡ್ಡ ಅದು.

1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ನಡೆದದ್ದೇ ಅವರ ಬದುಕಿನ ನಡುಗಂಬ ಅಂತ ನಮ್ಮ ಅನಿಸಿಕೆ.

ಇಂಟರಪ್ಟ್ ಬಂದ ಮೇಲೆ ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತಿದ್ದವು. ಎರಡು ಕೆಲಸ ಒಂದೇ ವಸ್ತುವನ್ನು ಒಂದೇ ಹೊತ್ತಿನಲ್ಲಿ ಮುಟ್ಟಿದರೆ ಕೆಡುತ್ತೆ. ಎರಡೇ ಪ್ರೋಗ್ರಾಂ ಇದ್ದಾಗ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವ ಉಪಾಯವನ್ನು ಡೆಕ್ಕರ್ ಅನ್ನುವ ಸಹೋದ್ಯೋಗಿ ಕಂಡುಹಿಡಿದಿದ್ದರು. ಎಷ್ಟು ಪ್ರೋಗ್ರಾಂ ಇದ್ದರೂ ನಡೆಯುವ ಉತ್ತರವನ್ನು ಡೈಕ್‌ಸ್ಟ್ರಾ 1965ರಲ್ಲಿ ಪ್ರಕಟಿಸಿದರು. ಲೇಖನ ಇದ್ದದ್ದು ಬರೀ ಒಂದು ಪುಟ. ಅದೇ ಹೊತ್ತಿಗೆ ಇನ್ನೂ ಸರಳವಾದ ಉಪಕರಣವೂ ಅವರ ಕೈಯಲ್ಲಿತ್ತು: ಸೆಮಫೋರ್.

ಹೆಸರು ರೈಲಿನಿಂದ ಬಂದದ್ದು. ಕೊಳ್ಳೇಗಾಲಕ್ಕೆ ಇನ್ನೂ ರೈಲು ಬಂದಿಲ್ಲ, ಆದರೆ ಹಳೇ ಕಾಲದ ಸ್ಟೇಷನ್ ಪಕ್ಕ ಕಂಬದ ಮೇಲೆ ಕೈ ಚಾಚಿಕೊಂಡು ನಿಂತಿರುತ್ತಿದ್ದ ಸಿಗ್ನಲ್ ಸಿನಿಮಾದಲ್ಲಾದರೂ ನೋಡಿರುತ್ತೀರಿ. ಕೈ ಅಡ್ಡ ಇದ್ದರೆ ನಿಲ್ಲು. ಡೈಕ್‌ಸ್ಟ್ರಾ ಸೆಮಫೋರ್ ಅಂದರೆ ಒಂದು ಸಂಖ್ಯೆ, ಅದರ ಮೇಲೆ ಎರಡೇ ಕ್ರಿಯೆ. ಪಿ ಅಂದರೆ ಒಂದು ಕಳೆ, ಕಳೆಯಲು ಆಗದಿದ್ದರೆ ನಿಂತು ಕಾಯು. ವಿ ಅಂದರೆ ಒಂದು ಕೂಡಿಸು, ಕಾಯುತ್ತಿರುವವರಿದ್ದರೆ ಒಬ್ಬರನ್ನು ಎಬ್ಬಿಸು. ವಿ ಡಚ್ ಭಾಷೆಯ ಏರಿಸು ಅನ್ನುವ ಪದದ ಮೊದಲ ಅಕ್ಷರ. ಪಿ ಅವರೇ ಹೊಸೆದ ಒಂದು ಪದದ್ದು: ಇಳಿಸಲು ಪ್ರಯತ್ನಿಸು ಅನ್ನೋ ಹಾಗೆ. ಕಳೆಯೋದು ಮತ್ತು ನೋಡೋದು ಎರಡೂ ಒಂದೇ ಏಟಿಗೆ ಆಗಬೇಕು, ನಡುವೆ ಯಾರೂ ನುಗ್ಗಬಾರದು. ಅಷ್ಟೇ. ಇವತ್ತಿಗೂ ಕರ್ನಲ್‌ನಲ್ಲಿ ಆ ಹೆಸರೇ ಇದೆ.

ಆ ಕಾಲದಲ್ಲಿ ಅವರು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯ ಪ್ರಶ್ನೆ ಕೊಟ್ಟರು. ಐದು ಕಂಪ್ಯೂಟರ್, ಐದು ಟೇಪ್ ಡ್ರೈವ್, ಎಲ್ಲರಿಗೂ ಅಕ್ಕಪಕ್ಕದ ಎರಡೆರಡು ಬೇಕು. ಒಬ್ಬೊಬ್ಬರೂ ಒಂದೊಂದು ಹಿಡಿದುಕೊಂಡು ಇನ್ನೊಂದಕ್ಕೆ ಕಾಯುತ್ತಾ ಕೂತರೆ ಎಲ್ಲರೂ ಅಲ್ಲೇ. ಇದೇ ಮುಂದೆ ಟೋನಿ ಹೋರ್ ಕೈಯಲ್ಲಿ ಊಟಕ್ಕೆ ಕೂತ ತತ್ವಜ್ಞಾನಿಗಳ ಸಮಸ್ಯೆಯಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ತತ್ವಜ್ಞಾನಿಗಳು, ಫೋರ್ಕು, ನೂಡಲ್ಸು ಮಾತ್ರ ಉಳಿದು ಟೇಪ್ ಡ್ರೈವ್ ಕಾಣೆಯಾಗಿದೆ. ಹಾಗಾಗಿ ಇದು ಮೂಲದಲ್ಲಿ ಸಾಧನಗಳ ಸಮಸ್ಯೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ. ಮುದ್ದೆ ಊಟದಲ್ಲಿ ಎರಡು ಫೋರ್ಕಿನ ಪ್ರಶ್ನೆಯೂ ಬರೋದಿಲ್ಲ ಬಿಡಿ.

ಐಂಡ್‌ಹೋವನ್‌ನಲ್ಲಿ ಐದಾರು ಜನರ ಸಣ್ಣ ತಂಡ ಕಟ್ಟಿಕೊಂಡು ಎಲೆಕ್ಟ್ರಾಲಾಜಿಕಾ ಎಕ್ಸ್8 ಯಂತ್ರಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೆದರು. ವಿಶ್ವವಿದ್ಯಾಲಯದ ಡಚ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಟಿಎಚ್‌ಇ ಅಂತ ಹೆಸರು. ಯಂತ್ರದ ಮೆಮೊರಿ 27 ಬಿಟ್‌ನ 32 ಸಾವಿರ ಪದಗಳು. ಮೂರು ಪೇಪರ್ ಟೇಪ್ ರೀಡರ್, ಮೂರು ಪಂಚ್, ಎರಡು ಟೆಲಿಪ್ರಿಂಟರ್, ಒಂದು ಪ್ಲಾಟರ್, ಒಂದು ಲೈನ್ ಪ್ರಿಂಟರ್. ಇಷ್ಟಕ್ಕೆ ಅವರು ಸಿಸ್ಟಮ್ಮನ್ನು ಅಂತಸ್ತು ಅಂತಸ್ತಾಗಿ ಕಟ್ಟಿದರು. ಎಲ್ಲಕ್ಕಿಂತ ಕೆಳಗೆ ಪ್ರೊಸೆಸರ್ ಹಂಚುವ ಕೆಲಸ, ಅದರ ಮೇಲೆ ಮೆಮೊರಿ, ಆಮೇಲೆ ಆಪರೇಟರ್ ಜೊತೆ ಮಾತು, ಆಮೇಲೆ ಸಾಧನಗಳ ಬಫರಿಂಗ್, ಅದರ ಮೇಲೆ ಬಳಕೆದಾರರ ಪ್ರೋಗ್ರಾಂಗಳು. ಮೇಲಿನವನು ಕೆಳಗಿನವನನ್ನು ನಂಬಬಹುದು, ಕೆಳಗಿನವನು ಮೇಲಿನವನ ಹಂಗಿಗೆ ಬೀಳಬಾರದು. 1968ರ ಮೇ ತಿಂಗಳ ಲೇಖನದಲ್ಲಿ ಅವರು ಹೇಳುವ ಪ್ರಕಾರ ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು ಸಣ್ಣಪುಟ್ಟ ಕೋಡಿಂಗ್ ತಪ್ಪುಗಳು ಮಾತ್ರ, ಸುಮಾರು 500 ಸೂಚನೆಗೆ ಒಂದರಂತೆ. ವಿನ್ಯಾಸದ ತಪ್ಪು ಇಲ್ಲವೇ ಇಲ್ಲ. ಇದನ್ನು ಓದಿದಾಗ ಮೊದಲು ನಾವು ನಂಬಲಿಲ್ಲ. ಅವರ ಇಂಟರಪ್ಟ್ ಹೆದರಿಕೆಯ ಕಥೆ ತಿಳಿದ ಮೇಲೆ ನಂಬಿದೆವು.

ಈಗ ನಮ್ಮ ಡ್ರೈವರಿಗೆ ಒಂದು ಕ್ಷಣ ವಾಪಸ್ ಬರೋಣ. ಮಾಡ್ಯೂಲ್ ತೆಗೆಯೋದರಲ್ಲಿ ಲೆಕ್ಕ ಇಡೋದೇ ಉಪಾಯ ಅಂದೆವು. ಆ ಲೆಕ್ಕ ಯಾರು ಇಡಬೇಕು? ಲಿನಕ್ಸ್ 2.4ರ ಕಾಲದ ಡ್ರೈವರ್‌ಗಳಲ್ಲಿ ಆ ಸಂಖ್ಯೆಯನ್ನು ಏರಿಸುವ ಸಾಲು ಮಾಡ್ಯೂಲಿನ ಒಳಗಿನ ಕೋಡಿನಲ್ಲೇ ಇರುತ್ತಿತ್ತು. ಅಂದರೆ ಒಬ್ಬ ಪ್ರೋಗ್ರಾಂ ಮಾಡ್ಯೂಲಿನ ಒಳಗೆ ಕಾಲಿಟ್ಟು, ನಾನು ಬಂದೆ ಅಂತ ಬರೆಯುವ ಮುಂಚಿನ ಆ ಒಂದು ಎಳೆ ಹೊತ್ತಿನಲ್ಲಿ ಲೆಕ್ಕ ಸೊನ್ನೆ. ಅಷ್ಟರಲ್ಲೇ ಇನ್ನೊಬ್ಬ ತೆಗೆದುಬಿಟ್ಟರೆ? ಹೊರಹೋಗುವಾಗಲೂ ಅದೇ ಕಥೆ. ಲೆಕ್ಕ ಇಳಿಸಿಯಾಗಿದೆ, ಆದರೆ ಫಂಕ್ಷನ್ನಿನ ಕೊನೆಯ ಎರಡು ಸೂಚನೆ ಇನ್ನೂ ಮಾಡ್ಯೂಲಿನ ಒಳಗೇ ಇವೆ. ಚಿಕ್ಕಪ್ಪನಿಗೆ ಇದನ್ನು ವಿವರಿಸಿದಾಗ, ಕಂಬ ಹತ್ತಿ ತಂತಿ ಹಿಡಿದುಕೊಂಡು ಮೇಲಿಂದ ಫೋನ್ ಮಾಡಿ ಎಲ್‌ಸಿ ಕೇಳಿದ ಹಾಗಾಯ್ತಲ್ಲ ಅಂದರು. ಸರಿಯಾಗಿ ಅದೇ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನಲ್ಲಿ ರಸ್ಟಿ ರಸೆಲ್ ಮಾಡಿದ ಬದಲಾವಣೆಯಿಂದ ಲೆಕ್ಕ ಹೊರಗೆ ಬಂತು. ಒಳಗೆ ಕಳಿಸುವವನು, ಅಂದರೆ ಕರ್ನಲ್, ಬಾಗಿಲಲ್ಲೇ ಟ್ರೈ ಮಾಡ್ಯೂಲ್ ಗೆಟ್ ಅಂತ ಕೇಳುತ್ತೆ. ಮಾಡ್ಯೂಲ್ ಹೊರಡುವ ಸಿದ್ಧತೆಯಲ್ಲಿದ್ದರೆ ಇಲ್ಲ ಅಂತ ಉತ್ತರ ಬರುತ್ತೆ, ಒಳಗೆ ಬಿಡೋದೇ ಇಲ್ಲ. ಹೆಸರಿನಲ್ಲಿರುವ ಆ ಟ್ರೈ, ಪಿ ಅಕ್ಷರದ ಹಿಂದಿರುವ ಪ್ರಯತ್ನಿಸು, ಎರಡೂ ಒಂದೇ ಕಡೆಯಿಂದ ಬಂದ ಹಾಗೆ ನಮಗೆ ಕಂಡಿತು.

ಮೂರು ಹೆಜ್ಜೆ ಅಷ್ಟೇ: ಮೊದಲು ಹೊಸಬರಿಗೆ ಬಾಗಿಲು ಮುಚ್ಚು, ಆಮೇಲೆ ಒಳಗಿರುವವರೆಲ್ಲ ಹೊರಬರುವ ತನಕ ಕಾಯು, ಆಮೇಲೆ ಕೆಡವು. ಕ್ರಮ ತಪ್ಪಿಸಿ ಮೊದಲು ಕಾದು ಆಮೇಲೆ ಬಾಗಿಲು ಮುಚ್ಚಿದರೆ, ಕಾದು ಮುಗಿಯುವಷ್ಟರಲ್ಲಿ ಇನ್ನೊಬ್ಬ ಒಳಗೆ ಬಂದಿರುತ್ತಾನೆ. ಒಳಗಿರುವವರು ಅಂದರೆ ಫೈಲ್ ಓಪನ್ ಮಾಡಿಕೊಂಡ ಪ್ರೋಗ್ರಾಂಗಳು ಮಾತ್ರವೂ ಅಲ್ಲ. ನಾವು ಹಚ್ಚಿಟ್ಟ ಟೈಮರ್, ಸಾಲಿನಲ್ಲಿ ಹಾಕಿಟ್ಟ ಕೆಲಸ, ಇಂಟರಪ್ಟ್ ಹ್ಯಾಂಡ್ಲರ್, ಇವೆಲ್ಲ ಒಳಗಿನ ಜನವೇ. ಎಲ್ಲವನ್ನೂ ನಿಲ್ಲಿಸಿದ್ದೀವಾ ಅಂತ ಒಂದೊಂದಾಗಿ ನೋಡಬೇಕು.

1968ರಲ್ಲೇ ಗೋ ಟು ಹೇಳಿಕೆಯನ್ನು ಬೈದು ಬರೆದ ಅವರ ಪತ್ರ ಪ್ರಕಟವಾಗಿ ಗಲಾಟೆಯಾಯಿತು. ಆ ಪ್ರಸಿದ್ಧ ಶೀರ್ಷಿಕೆ ಅವರದಲ್ಲ, ಸಂಪಾದಕ ನಿಕ್ಲಾಸ್ ವಿರ್ತ್ ಕೊಟ್ಟದ್ದು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ. 1973ರಿಂದ ಬರೋಸ್ ಕಂಪನಿಯ ರಿಸರ್ಚ್ ಫೆಲೋ, ಕೂತು ಕೆಲಸ ಮಾಡಿದ್ದು ನ್ಯೂನೆನ್ ಊರಿನ ತಮ್ಮ ಮನೆಯಲ್ಲೇ. ಇಂದಿನ ಭಾಷೆಯಲ್ಲಿ ವರ್ಕ್ ಫ್ರಂ ಹೋಂ.

ನಮ್ಮ ವಿಷಯಕ್ಕೆ ಅತಿ ಹತ್ತಿರದ ಕೆಲಸ ಬಂದದ್ದು ಈ ಕಾಲದಲ್ಲಿ. ಮೆಮೊರಿಯಲ್ಲಿ ಯಾರಿಗೂ ಬೇಡವಾದ ತುಂಡುಗಳನ್ನು ಗುರುತಿಸಿ ವಾಪಸ್ ಪಡೆಯೋದಕ್ಕೆ ಗಾರ್ಬೇಜ್ ಕಲೆಕ್ಷನ್ ಅಂತಾರೆ. ಹಳೆಯ ವಿಧಾನದಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ ಗುಡಿಸಿ, ಮತ್ತೆ ಶುರುಮಾಡಬೇಕಿತ್ತು. ನಿಲ್ಲಿಸದೆ, ಪ್ರೋಗ್ರಾಂ ಓಡುತ್ತಿರುವಾಗಲೇ ಇನ್ನೊಂದು ಪ್ರೊಸೆಸರ್ ಗುಡಿಸಲು ಆಗುತ್ತಾ? ಲ್ಯಾಂಪೋರ್ಟ್, ಮಾರ್ಟಿನ್, ಸ್ಕೋಲ್ಟನ್, ಸ್ಟೆಫೆನ್ಸ್ ಜೊತೆ ಸೇರಿ ಅವರು ಬಿಳಿ, ಬೂದು, ಕಪ್ಪು ಅಂತ ಮೂರು ಬಣ್ಣ ಹಚ್ಚುವ ಉಪಾಯ ಮಾಡಿದರು. ಯಾರೂ ಇನ್ನೂ ತಲುಪದ್ದು ಬಿಳಿ, ತಲುಪಿದ್ದೀವಿ ಆದರೆ ಅದು ಯಾರನ್ನೆಲ್ಲ ಹಿಡಿದುಕೊಂಡಿದೆ ಅಂತ ನೋಡಿ ಮುಗಿದಿಲ್ಲ ಅಂದರೆ ಬೂದು, ನೋಡಿ ಮುಗಿದದ್ದು ಕಪ್ಪು. ಬೂದು ಒಂದೂ ಉಳಿಯದಾಗ ಬಿಳಿಯಾಗೇ ಇರೋದು ಕಸ. ತೊಡಕಿರೋದು, ಗುಡಿಸುವವನು ಬಣ್ಣ ಹಚ್ಚುತ್ತಿರುವಾಗಲೇ ಪ್ರೋಗ್ರಾಂ ಕೊಂಡಿಗಳನ್ನು ಅತ್ತಿತ್ತ ಮಾಡುತ್ತಿರುತ್ತೆ. ಈಗಷ್ಟೇ ಕೈಗೆತ್ತಿಕೊಂಡ ವಸ್ತುವನ್ನು ಇವನು ಕಸ ಅಂತ ಎಸೆದರೆ ಮುಗೀತು. ಅದಕ್ಕೆ ಕೊಂಡಿ ಬದಲಾಯಿಸುವ ಪ್ರೋಗ್ರಾಮೂ ಹೊಸದಾಗಿ ಹಿಡಿದದ್ದಕ್ಕೆ ತಾನೇ ಬೂದು ಬಣ್ಣ ಬಳಿದು ಹೋಗಬೇಕು. ಗುಡಿಸುವವನಿಗೆ ಅಷ್ಟು ಸಹಕಾರ ಬೇಕೇ ಬೇಕು.

1978ರ ಆ ಲೇಖನದಲ್ಲಿ ನಮಗೆ ತುಂಬಾ ಇಷ್ಟವಾದದ್ದು ಅವರ ಒಪ್ಪಿಗೆ. ವಾರಗಟ್ಟಲೆ ಹಲವರಿಗೆ ಸರಿ ಅಂತಲೇ ಕಂಡ ಉತ್ತರಗಳು, ಸರಿ ಅಂತ ಸಾಧಿಸಲು ಕೂತಾಗ ತಪ್ಪು ಅಂತ ಬಯಲಾದವು; ಹೆಚ್ಚುಕಡಿಮೆ ಎಲ್ಲ ಹಳ್ಳಗಳಿಗೂ ತಾವು ಬಿದ್ದೆವು ಅಂತ ಐದು ಜನ ಘಟಾನುಘಟಿಗಳು ಅಚ್ಚಿನಲ್ಲೇ ಹೇಳಿಕೊಂಡಿದ್ದಾರೆ. ಅವರಲ್ಲಿ ಇಬ್ಬರು ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಓನರ್ ಸಾಲು ಮರೆತ ನಮಗೆ ಅದನ್ನು ಓದಿ ಸ್ವಲ್ಪ ಜೀವ ಬಂತು.

1980ರಲ್ಲಿ ಎಕ್ಸ್1ರ ಅದೇ ಸ್ಕೋಲ್ಟನ್ ಜೊತೆ ಇನ್ನೊಂದು ಲೇಖನ. ಒಬ್ಬ ಒಂದಿಬ್ಬರಿಗೆ ಕೆಲಸ ಹೇಳುತ್ತಾನೆ, ಅವರು ಇನ್ನಷ್ಟು ಜನರಿಗೆ ಹೇಳುತ್ತಾರೆ, ಹೀಗೆ ಹಬ್ಬಿಹೋದ ಕೆಲಸ ಎಲ್ಲಾ ಕಡೆ ಮುಗಿದಿದೆ ಅಂತ ಮೊದಲನೆಯವನಿಗೆ ತಿಳಿಯೋದು ಹೇಗೆ? ಪ್ರತಿಯೊಬ್ಬನೂ ತಾನು ಹೇಳಿದ ಕೆಲಸಗಳಿಗೆ ಎಷ್ಟು ಉತ್ತರ ಬಾಕಿ ಅಂತ ಲೆಕ್ಕ ಇಟ್ಟುಕೊಳ್ಳಬೇಕು. ತನ್ನ ಕೆಲಸವೂ ಮುಗಿದು, ಬಾಕಿಯೂ ಸೊನ್ನೆಯಾದಾಗ ಮಾತ್ರ ತನ್ನನ್ನು ಮೊದಲು ಎಬ್ಬಿಸಿದವನಿಗೆ ಮುಗೀತು ಅಂತ ಹೇಳಬೇಕು. ಅಳಿಲು ಮರ ಇಳಿದ ಹಾಗೆ ಉತ್ತರಗಳು ತುದಿಯಿಂದ ಬುಡಕ್ಕೆ ಇಳಿಯುತ್ತವೆ. ಒಂದು ಡ್ರೈವರಿನ ಮೇಲೆ ಇನ್ನೊಂದು ಡ್ರೈವರ್ ಕೂತಿರುವಾಗ ಮೇಲಿನದನ್ನು ತೆಗೆಯದೆ ಕೆಳಗಿನದು ಕದಲೋದಿಲ್ಲ ಅಲ್ವಾ, ಎಲ್‌ಎಸ್‌ಮಾಡ್ ಕೊಟ್ಟರೆ ಯಾರು ಯಾರನ್ನು ಹಿಡಿದಿದ್ದಾರೆ ಅಂತ ಕೊನೆಯ ಕಾಲಮ್ಮಿನಲ್ಲಿ ಕಾಣುತ್ತೆ. ಆ ಕಾಲಮ್ಮನ್ನು ನೋಡುವಾಗ ಈಗ ನಮಗೆ ಈ ಲೇಖನವೇ ನೆನಪಾಗೋದು.

1984ರಲ್ಲಿ ಅಮೆರಿಕದ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು, 1999ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿದ್ದರು. ಪ್ರೋಗ್ರಾಮಿಂಗ್ ಕಲಿಸುವ ಆ ಮನುಷ್ಯ ಬಹುಕಾಲ ಕಂಪ್ಯೂಟರನ್ನೇ ಇಟ್ಟುಕೊಂಡಿರಲಿಲ್ಲ. ಫೌಂಟನ್ ಪೆನ್ನಿನಿಂದ, ಅಚ್ಚಿನಂಥ ಅಕ್ಷರದಲ್ಲಿ ಬರೆದು, ಮೂಲೆಯಲ್ಲಿ ಇಡಬ್ಲ್ಯೂಡಿ ಅಂತ ತಮ್ಮ ಇನಿಷಿಯಲ್ಲು ಮತ್ತು ಒಂದು ಸಂಖ್ಯೆ ಹಾಕಿ, ಜೆರಾಕ್ಸ್ ತೆಗೆದು ಪರಿಚಿತರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ಇನ್ನಷ್ಟು ಜೆರಾಕ್ಸ್ ಮಾಡಿ ಹಂಚುತ್ತಿದ್ದರು. ಹಾಗೆ ಒಟ್ಟು 1318. ಬೇಸಿಗೆಯಲ್ಲಿ ರಿಯಾ ಜೊತೆ ವ್ಯಾನ್ ಹತ್ತಿ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತೋದು. ಆ ವ್ಯಾನಿಗೆ ಟೂರಿಂಗ್ ಮಷೀನ್ ಅಂತ ಹೆಸರಿಟ್ಟಿದ್ದರು. ಟ್ಯೂರಿಂಗ್ ಗೊತ್ತಿದ್ದವರು ನಗಬಹುದು.

ಎಲ್ಲರಿಗೂ ಇಷ್ಟವಾಗುವ ವ್ಯಕ್ತಿಯೇನೂ ಆಗಿರಲಿಲ್ಲ. ಇನ್ನೊಬ್ಬರ ಕೆಲಸದ ಬಗ್ಗೆ ಮಾತು ಬಹಳ ಖಾರ. ಬೇಸಿಕ್, ಕೋಬಾಲ್ ಕಲಿತವರನ್ನು ತಿದ್ದಲಾಗದು ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಅದನ್ನು ಓದಿದಾಗ ಬೇಸಿಕ್‌ನಿಂದಲೇ ಶುರುಮಾಡಿದ ನಮ್ಮ ಮೇಷ್ಟರುಗಳ ಮುಖ ನೆನಪಾಗಿ ಬೇಜಾರಾಯಿತು. ಟೆಸ್ಟಿಂಗ್ ಬಗ್ಗೆ ಅವರಿಗಿದ್ದ ತಾತ್ಸಾರವೂ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಇಂದಿನ ಕರ್ನಲ್ ಕೋಟ್ಯಂತರ ಸಾಲಿನದ್ದು, ಇಡೀ ಸಿಸ್ಟಂ ಐದಾರು ಜನರ ತಲೆಯಲ್ಲಿ ಕೂರುವ ಕಾಲ ಮುಗಿಯಿತು. ಆದರೆ ಎರಡು ಕೆಲಸ ಒಂದರ ಮೇಲೊಂದು ಬೀಳುವ ತಪ್ಪುಗಳ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆ ಒಂದು ಎಳೆ ಹೊತ್ತು ಟೆಸ್ಟಿಂಗ್‌ನಲ್ಲಿ ಸಿಗೋದು ಅದೃಷ್ಟವಿದ್ದರೆ ಮಾತ್ರ.

ಕೊನೆಯ ಇಡಬ್ಲ್ಯೂಡಿ ಬರೆದದ್ದು 2002ರ ಏಪ್ರಿಲ್‌ನಲ್ಲಿ. ಆ ವೇಳೆಗೆ ಕ್ಯಾನ್ಸರ್‌ನಿಂದಾಗಿ ನ್ಯೂನೆನ್‌ನ ಹಳೇ ಮನೆಗೆ ಮರಳಿದ್ದರು. ಅದೇ ವರ್ಷ ಆಗಸ್ಟ್ 6ರಂದು ಅಲ್ಲೇ ತೀರಿಕೊಂಡರು. ವಯಸ್ಸು 72. ಅವರ 1974ರ ಒಂದು ಲೇಖನಕ್ಕೆ ಆ ವರ್ಷ ವಿತರಿತ ಕಂಪ್ಯೂಟಿಂಗ್ ಸಮ್ಮೇಳನ ಕೊಟ್ಟ ಪ್ರಶಸ್ತಿಗೆ ಮುಂದೆ ಅವರ ಹೆಸರನ್ನೇ ಇಟ್ಟರು.

ಮುಳ್ಳೂರಿನಲ್ಲಿ ನಮ್ಮ ಪೈ ಮತ್ತೆ ಎದ್ದಿತು. ಓನರ್ ಸಾಲು ಹಾಕಿ, ಹೊರಡುವ ಫಂಕ್ಷನ್ನಿನಲ್ಲಿ ಮೊದಲು ಡಿವೈಸನ್ನು ಪಟ್ಟಿಯಿಂದ ತೆಗೆದು, ಆಮೇಲೆ ಟೈಮರ್ ನಿಲ್ಲಿಸಿ, ಇಂಟರಪ್ಟ್ ಬಿಟ್ಟುಕೊಟ್ಟು, ಕೊನೆಗೆ ಮೆಮೊರಿ ಬಿಡೋ ಹಾಗೆ ತಿದ್ದಿದೆವು. ಹೊರಡುವ ಹಿಂದಿನ ಸಂಜೆ, ಅಳತೆ ಬರೆಯುವ ಪ್ರೋಗ್ರಾಂ ನಿಲ್ಲಿಸಿ ಆರ್‌ಎಂಮಾಡ್ ಕೊಟ್ಟರೆ, ಮಾಡ್ಯೂಲ್ ಬಳಕೆಯಲ್ಲಿದೆ ಅಂತ ಬಂತು. ಲೆಕ್ಕ ಒಂದು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ಗಂಟೆ ಕೋಡ್ ತಡಕಾಡಿದ ಮೇಲೆ ಗೊತ್ತಾಯಿತು, ಗೆಳೆಯನ ತಂಗಿ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನಿಂದ ಪೈಗೆ ಲಾಗಿನ್ ಆಗಿ ಹೊಳೆ ಎಷ್ಟಿದೆ ಅಂತ ನೋಡುತ್ತಾ ಕೂತಿದ್ದಳು.